ಔಷಧಿ ಬೀಳದ ಮೂಲೆ

ಮಚ್ಚು ಎತ್ತಿ ನಿಕಾನೊರ್ ಇನ್ನೇನು ಕಳೆಯ ಮೇಲೆ ಬೀಸಬೇಕು, ಅಷ್ಟರಲ್ಲಿ ಅಣ್ಣನ ಶವಪೆಟ್ಟಿಗೆ ಗೊರಕೆ ಹೊಡೆಯಿತು.

ದೋಣಿಯಲ್ಲಿದ್ದ ಮೂವರೂ ಶಿಲುಬೆಯ ಗುರುತು ಹಾಕಿಕೊಂಡರು. ಎದುರಿಗೇ ಸ್ಮಶಾನದ ದಿಬ್ಬ, ನಡುವೆ ಎದೆಯೆತ್ತರದ ಅಂತರಗಂಗೆ. ಇಡೀ ಕೆರೆಯಲ್ಲಿ ಕಳೆ ಉಳಿದಿದ್ದದ್ದು ಇದೊಂದೇ ಮೂಲೆಯಲ್ಲಿ.

"ಊರ ಕಳೆಯೆಲ್ಲ ಸುಟ್ಟ, ತಾನು ಹೋಗೋ ದಾರೀಲಿ ಮಾತ್ರ ಬಿಟ್ಟ ನಿಮ್ಮಣ್ಣ," ಎಂದ ನೆರೆಮನೆಯ ಲೌರೆಯಾನೊ ಮಾವ. ಅವನು ಪೆಟ್ಟಿಗೆಯಿಂದ ಹಿಂದಕ್ಕೆ ಸರಿದ. "ಈಗ ನೋಡು, ಒಳಗೇ ನಿದ್ದೆ ಹೊಡೀತಾ ಅವ್ನೆ!"

"ಸುಮ್ನಿರು ಮಾವ," ಎಂದನೇನೋ ನಿಜ, ಆದರೆ ಆ ಗೊರಗೊರ ನಿಕಾನೊರ್‌ನ ಅಂಗಾಲಿಗೂ ತಟ್ಟುತ್ತಿತ್ತು.

ಅತ್ತಿಗೆ ದೊಮಿತಿಲಾ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. "ಒಂದ್ಸಲ ಮಾತಾಡ್ಸು ನಿಕಾನೊರ್. ಆರು ವರ್ಷ ಮಾತು ಬಿಟ್ಟಿದ್ದೆಯಲ್ಲ, ಅದಕ್ಕೇ ಇರ್ಬೇಕು."

"ನಿಮಗೋಸ್ಕರ ಬಂದೆ ಅತ್ತಿಗೆ. ಮಣ್ಣು ಮಾಡಿ ಹೋಗ್ತೀನಿ, ಅಷ್ಟೆ."

*

ಆರು ವರ್ಷದ ಹಿಂದೆ ಅಣ್ಣ ಎಲಿಸೆಯೊ ಕಳೆನಾಶಕದ ಪಂಪು ಬೆನ್ನಿಗೇರಿಸಿದಾಗ ಊರಿಗೆ ಊರೇ ಹರಸಿತ್ತು. ಕಳೆ ಕಂದಿತು, ಮುಳುಗಿತು, ತಳದಲ್ಲಿ ಕೊಳೆತು ನೀರಿನ ಉಸಿರು ಕಟ್ಟಿಸಿತು. ಎಂಟನೇ ದಿನ ಬೊಕಾಚಿಕೊ ಮೀನುಗಳು ಬಾಯಿ ಮೇಲೆ ಮಾಡಿಕೊಂಡು ದಡಕ್ಕೆ ಬಂದವು. ಜನ ಬುಟ್ಟಿಗಟ್ಟಲೆ ಬಾಚಿ, ಹುರಿದು ತಿಂದರು. ಆಮೇಲೆ ಬಲೆಗೆ ಬಂದದ್ದು ಬರೀ ಕೆಸರು.

"ನಮ್ಮ ಅನ್ನಕ್ಕೇ ಕಲ್ಲು ಹಾಕ್ದೆ," ಎಂದ ನಿಕಾನೊರ್, ಮತ್ತೆ ಅಣ್ಣನ ಹೊಸಿಲು ತುಳಿಯಲಿಲ್ಲ.

*

ಮತ್ತೆ ಗೊರಗೊರ. ನಿಕಾನೊರ್ ಮಚ್ಚು ಕೆಳಗಿಟ್ಟು ಹುಟ್ಟನ್ನು ನೀರಿಗಿಳಿಸಿ ಅದರ ಹಿಡಿಗೆ ಕಿವಿ ಕೊಟ್ಟ. ಮೀನಿನ ಸದ್ದನ್ನು ಹೀಗೆ ಕೇಳುವುದನ್ನು ಅವನಿಗೆ ಕಲಿಸಿದವನು ಅಣ್ಣನೇ. ಮಗ್ದಲೇನಾ ನದಿಯ ಹೊಸನೀರು ಕೆರೆಗೆ ನುಗ್ಗುವ ದಿನಗಳಲ್ಲಿ ಗಂಡು ಬೊಕಾಚಿಕೊಗಳು ಹೆಣ್ಣಿಗಾಗಿ ಗೊರಕೆ ಹೊಡೆಯುತ್ತವೆ. ಕಳೆಯ ಕೆಳಗೆ ನೂರಾರು ಇದ್ದವು. ಆ ಸದ್ದೇ ದೋಣಿಯ ಮರದಿಂದ ಪೆಟ್ಟಿಗೆಯ ಮರಕ್ಕೆ ಏರುತ್ತಿತ್ತು.

"ಅತ್ತಿಗೆ, ಅಣ್ಣ ಇಲ್ಲಿಗೆ ಔಷಧಿ ಹೊಡೀಲೇ ಇಲ್ವಾ?"

"ವರ್ಷವೂ ಹೊಡ್ದೆ, ಮತ್ತೆ ಬೆಳೀತು ಅಂತ ಸುಳ್ಳು ಹೇಳೋರು. ಈ ಮೂಲೆಯ ಪಾಲಿನ ಔಷಧೀನ ತಂದು ಹಿತ್ತಲಲ್ಲಿ ಹೂಳೋರು. ಅಲ್ಲೀಗ ಹುಲ್ಲೂ ಹುಟ್ಟಲ್ಲ." ಅವಳು ಕಣ್ಣೊರೆಸಿಕೊಂಡಳು. "ಯಾರಿಗೂ ಹೇಳ್ಬೇಡ, ಬಲೆ ಹಾಕಿಬಿಡ್ತಾರೆ ಅಂದಿದ್ರು."

ನಿಕಾನೊರ್ ಹುಟ್ಟನ್ನು ಸದ್ದಾಗದಂತೆ ಮೇಲೆತ್ತಿ ದೋಣಿಯೊಳಗಿಟ್ಟ.

"ಕಡಿಯೋ ಬೇಗ, ಬಿಸಿಲೇರ್ತಿದೆ," ಎಂದ ಮಾವ.

"ಕಡಿದ್ರೆ ದಾರಿ ಆಗುತ್ತೆ ಮಾವ. ದಾರಿ ಆದ್ರೆ ನಾಳೆ ಊರೆಲ್ಲ ಇಲ್ಲಿರುತ್ತೆ." ನಿಕಾನೊರ್ ಸೊಂಟದುದ್ದ ನೀರಿಗಿಳಿದ. "ಪೆಟ್ಟಿಗೆ ನನ್ನ ತಲೆ ಮೇಲಿಡಿ."

"ಬದುಕಿದ್ದಾಗ ಮಾತಿಲ್ಲ, ಸತ್ತ ಮೇಲೆ ತಲೆ ಮೇಲೆ!" ಎಂದು ಗೊಣಗುತ್ತಲೇ ಮಾವ ಇಳಿದು ಹಿಂದಿನ ತುದಿಗೆ ಹೆಗಲು ಕೊಟ್ಟ. ದೊಮಿತಿಲಾ ಅವನ ಹಿಂದೆ ಇಳಿದಳು.

ನೀರೊಳಗೆ ಏನೋ ತಣ್ಣಗೆ, ನುಣ್ಣಗೆ ನಿಕಾನೊರ್‌ನ ಕಾಲುಗಳ ನಡುವೆ ನುಸುಳಿತು. ಮತ್ತೊಂದು. ಆಮೇಲೆ ಎಣಿಕೆಗೆ ಸಿಗದಷ್ಟು. ಅವನು ಪಾದ ಎತ್ತಿಡದೆ, ಕೆಸರಿನಲ್ಲೇ ಜಾರಿಸುತ್ತ ನಡೆದ. ಅವರು ದಾಟಿದ ಕಡೆಯೆಲ್ಲ ಅಂತರಗಂಗೆ ಸದ್ದಿಲ್ಲದೆ ಮತ್ತೆ ಕೂಡಿಕೊಳ್ಳುತ್ತಿತ್ತು.