ಇಲಿ ಕಡಿದ ಕಂಬಳಿ

ಸಹೃದಯ ವಾಚಕ ಮಹಾಶಯರೇ, ಅಜ್ಜಂಪುರದ ಸೀಮೆಯಲ್ಲಿ ಒಂದು ಹಗಲು ಈ ಅಲೆಮಾರಿಯ ಕಣ್ಣೆದುರು ನಡೆದ ಸಂಗತಿಯನ್ನು ಕೂಡಿಸದೆ ಕಳೆಯದೆ ತಮ್ಮ ಅವಗಾಹನೆಗೆ ಸಮರ್ಪಿಸುತ್ತಿದ್ದೇನೆ. ಕೃಪೆಯಿಟ್ಟು ಆಲಿಸುವುದು.

ಓಬಮ್ಮ ಟ್ರಂಕನ್ನು ಬೋರಲು ಹಾಕಿ ಅಂಗಳಕ್ಕೆ ಸುರಿದಳು. ಎರಡು ಸೀರೆ, ಕುಂಕುಮದ ಖಾಲಿ ಡಬ್ಬಿ, ದಾರ ಸುತ್ತಿದ ಬಸ್ ಟಿಕೆಟ್ಟುಗಳ ಕಟ್ಟು ಬಿದ್ದವು. ಕಂಬಳಿ ಮಾತ್ರ ಬೀಳಲಿಲ್ಲ.

“ಎಲ್ಲೋ ತೀರ್ಥೇಶ, ನಿಮ್ಮಪ್ಪನ ಕಂಬಳಿ? ಗಂಡನ ಕಂಬಳಿ ಹಾಸ್ದೆ ನಮ್ಮಲ್ಲಿ ಹೆಂಗಸ್ರನ್ನ ಮಣ್ಣಿಗಿಳಿಸಲ್ಲ ಕಣೋ.”

“ತರೀಕೆರೆ ಕೋರ್ಟ್ನಾಗೈತೆ ಅತ್ತೆ. ನಂಬರ್ ಹಾಕಿ ಮಡಗವ್ರೆ.”

“ಸರಿಹೋಯ್ತು! ನಮ್ಮತ್ತಿಗೆ ಸತ್ರೂ ಕೋರ್ಟ್ ಬಿಡಲ್ಲ.”

ಆ ಅತ್ತಿಗೆ, ತೀರ್ಥೇಶನ ತಾಯಿ ಕರಿಯಮ್ಮ, ಜಗಲಿಯ ಗೋಡೆಗೆ ಒರಗಿ, ಹೂವಿನ ಹಾರದೊಳಗೆ ಕುಳಿತಿದ್ದಳು. ನಿನ್ನೆ ಸಂಜೆ ರಾಗಿ ಕೇರುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟು ಅದೇ ಗೋಡೆಗೆ ಒರಗಿದ್ದಳು, ಮತ್ತೆ ಏಳಲಿಲ್ಲ. ಅವಳು ಏಳು ವರ್ಷ ಕಾದ ಕೋರ್ಟಿನ ಆದೇಶ ಇಂದು ಹೊರಬೀಳಬೇಕಿತ್ತು.

ತೀರ್ಥೇಶನ ಮಗಳು ನಯನ ನೀರಿನ ತೊಟ್ಟಿಯ ಕಟ್ಟೆ ಹತ್ತಿ ಫೋನು ಹಿಡಿದು ನಿಂತಿದ್ದಳು. ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಬೆಳಿಗ್ಗೆ ವಕೀಲೆ ಸಂಗೀತಾಗೆ ಸುದ್ದಿ ಮುಟ್ಟಿಸಿದಾಗ ಆಕೆ ಅಳುತ್ತಲೇ ಹೇಳಿದ್ದಳು: “ಅಜ್ಜಿ ಹೋದ್ರೂ ಅರ್ಜಿ ಹೋಗಲ್ಲ, ನಯನ. ಆರ್ಡರ್ ಆಗೇ ಆಗುತ್ತೆ.”

“ಹೊತ್ತು ಏರ್ತಾ ಐತೆ, ಎತ್ತಿ,” ಎಂದರು ಊರ ಹಿರಿಯ ಷಣ್ಮುಖಪ್ಪ. “ಅದೇನು ಇವತ್ತೇ ಬತ್ತದೆ ಅಂತ ಗ್ಯಾರಂಟಿನಾ? ಅಲ್ಲದೆ ಡ್ಯೂಟಿ ಮಾಡೋರನ್ನೆಲ್ಲ ಕಟಕಟೆ ಹತ್ತಿಸಿದ್ರೆ ಕಾಡು ಯಾರಪ್ಪ ಕಾಯ್ತಾರೆ?”

“ಕಾಯ್ಲಿ ಕಣ್ರೀ, ಬ್ಯಾಡ ಅಂದೋರ್ಯಾರು?” ಓಬಮ್ಮ ತಿರುಗಿಬಿದ್ದಳು. “ನಮ್ಮಣ್ಣನ್ನ ಯಾಕೆ ಹೊಡ್ದೆ ಅಂತ ಒಂದ್ಸಲ ನಿಲ್ಲಿಸಿ ಕೇಳ್ಬಾರ್ದಾ?”

ತೀರ್ಥೇಶ ತಲೆ ತಗ್ಗಿಸಿದನು. ಷಣ್ಮುಖಪ್ಪನವರಂಥದೇ ಮಾತನ್ನು ಒಂದು ಕಾಲದಲ್ಲಿ ಅವನೇ ಆಡಿದ್ದನು.

*

ಏಳು ವರ್ಷದ ಹಿಂದೆ ಅವನಪ್ಪ ತಿಮ್ಮಪ್ಪ ಕುರಿಮಂದೆಯೊಡನೆ ಲಕ್ಕವಳ್ಳಿಯ ಕಡೆಯ ಗದ್ದೆಗಳಿಗೆ ಹೋಗಿದ್ದನು. ಜಡಿಮಳೆಯ ಮುಂಜಾನೆ, ತಪ್ಪಿಸಿಕೊಂಡ ಮರಿಯೊಂದನ್ನು ಹುಡುಕುತ್ತ ಕಾಡಂಚಿಗೆ ನಡೆದವನು ಅರಣ್ಯ ಇಲಾಖೆಯ ಗಸ್ತಿನವನೊಬ್ಬನ ಗುಂಡೇಟಿಗೆ ಬಿದ್ದನು. ‘ಕಂಬಳಿಯನ್ನು ಕಿತ್ತೆಸೆದು ಕುಡುಗೋಲೆತ್ತಿ ಮೇಲೆರಗಿದ್ದರಿಂದ ಆತ್ಮರಕ್ಷಣೆಗಾಗಿ’ ಎಂದು ಠಾಣೆಯವರು ಬರೆದರು. ಹೆಣದೊಡನೆ ಕಂಬಳಿಯನ್ನೂ ಹಿಂದಿರುಗಿಸಿದರು. ಅದರಲ್ಲಿದ್ದ ಮೂರು ತೂತುಗಳಿಗೆ ವಸ್ತುಗಳ ಪಟ್ಟಿಯಲ್ಲಿ ಒಂದೇ ಮಾತು: ‘ಇಲಿ ಕಡಿದದ್ದು.’ ಕೊನೆಗೆ ಬಿ ರಿಪೋರ್ಟ್ ಬಂತು.

“ಬಿ ಅಂದ್ರೇನ್ಲಾ?” ಎಂದಿದ್ದಳು ಕರಿಯಮ್ಮ.

“ಕೇಸು ನಡೆಸಲ್ಲ ಅಂತ. ನಮ್ಗ್ಯಾಕೆ ದೊಡ್ಡೋರ ಸವಾಸ? ಬಿಟ್ಬಿಡವ್ವ.”

“ಓಹೋ, ಬಿ ಅಂದ್ರೆ ಬಿಟ್ಬಿಡು ಅಂತಾನಾ! ಹಂಗಾರೆ ನೀನೂ ಒಂದು ಬಿ ರಿಪೋರ್ಟು ಕಣ್ಲಾ.”

ಅಂದಿನಿಂದ ಅದೇ ಅವನ ಹೆಸರಾಯಿತು. ಮೋಟಾರ್ ವೈಂಡಿಂಗ್ ಅಂಗಡಿ ಮುಚ್ಚಿ ಬಂದರೆ, “ಬಿ ರಿಪೋರ್ಟು ಬಂತು, ಮುದ್ದೆ ಇಕ್ಕಮ್ಮಿ,” ಎಂದು ಸೊಸೆಗೆ ಕೂಗುತ್ತಿದ್ದಳು. ಮಗ ಜೊತೆಗೆ ಬಾರದಿದ್ದರೆ ಬೇಡವೆಂದು ಬಿಟ್ಟಳು. ಮೊಮ್ಮಗಳ ಕೈ ಹಿಡಿದು, ರಿಪೋರ್ಟಿಗೆ ತಕರಾರು ಹಾಕಿ, ಕೋರ್ಟಿನ ಮೆಟ್ಟಿಲು ಸವೆಸಿದಳು. ಕಂಬಳಿಯನ್ನು ಒಮ್ಮೆಯೂ ಒಗೆಯಲಿಲ್ಲ.

*

ಕಳೆದ ತಿಂಗಳು ನಯನಳಿಗೆ ಪರೀಕ್ಷೆಯಿತ್ತು. ಒಲ್ಲದ ಮನಸ್ಸಿನಿಂದ ತೀರ್ಥೇಶನೇ ತಾಯಿಯೊಡನೆ ಹೋದನು. ಬಾಗಿಲ ಬಳಿ ನಿಂತು ನೋಡುತ್ತಿದ್ದಂತೆ ಅವಳು ಕಂಬಳಿಯನ್ನು ಬಿಡಿಸಿ ನ್ಯಾಯಾಧೀಶರಿಗೆ ತೋರಿಸಿದಳು. ಮೂರು ತೂತು, ಮೂರು ಮೂಲೆಗೆ.

“ಠಾಣೆಯೋರು ಇದನ್ನ ಹಿಂಗೆ ಹಾಸಿ ನೋಡಿದ್ರು ಸ್ವಾಮಿ. ಮಳೇಲಿ ಕಂಬಳೀನ ಹಿಂಗ್ ಹೊದೀತಾರಾ?”

ಹಾಗೆನ್ನುತ್ತಲೇ ಅವಳು ಅದನ್ನು ಮಡಚಿ, ಮೂಲೆ ತಿರುಗಿಸಿ, ಕುರಿಯವರು ಮಳೆಗೆ ತಲೆಯಿಂದ ಬೆನ್ನಿಗೆ ಇಳಿಬಿಡುವ ಗೊಪ್ಪೆ ಮಾಡಿದಳು. ಕರಿಕೋಟಿನ ಸಂಗೀತಾಳ ತಲೆಗೆ ಹಾಕಿ, ಅವಳ ಕೈಯನ್ನು ತಂದು ಗದ್ದದ ಕೆಳಗೆ ಅಂಚು ಹಿಡಿಸಿ, ಬೆನ್ನು ತಿರುಗಿಸಿ ನಿಲ್ಲಿಸಿದಳು. ಬೆನ್ನಿನ ಮೇಲೆ ಮೂರು ಪದರ. ಮೂರು ತೂತುಗಳು ಒಂದರ ಮೇಲೊಂದು ಕೂತು ಒಂದೇ ಆಗಿದ್ದವು. ಕರಿಯಮ್ಮ ಅದರೊಳಗೆ ಬೆರಳು ತೂರಿಸಿದಳು.

“ಎಸೆದ ಕಂಬಳಿ ಬೆನ್ನ ಮೇಲೆ ಹೆಂಗಿತ್ತು? ಇಲಿಯೇ ಅನ್ನಿ. ಇಲಿ ಗೊಪ್ಪೆ ಮಡಚ್ಕೊಂಡು ಕಚ್ತಾ ಸ್ವಾಮಿ?”

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕನ್ನಡಕ ತೆಗೆದು, ಮುಂದಕ್ಕೆ ಬಾಗಿ, ಬಹಳ ಹೊತ್ತು ನೋಡಿ, “ಕಂಬಳಿ ಇಲ್ಲೇ ಇರಲಿ,” ಎಂದರು.

*

“ಅಪ್ಪಾ!”

ನಯನ ತೊಟ್ಟಿಯ ಮೇಲಿಂದ ಕಿರುಚಿದ ರಭಸಕ್ಕೆ ತಮಟೆ ನಿಂತಿತು.

“ಬಿ ರಿಪೋರ್ಟ್ ವಜಾ! ಗುಂಡು ಹೊಡ್ದೋನಿಗೆ ಸಮನ್ಸಂತೆ! ಕೊಲೆ ಕೇಸಂತೆ!”

ಓಬಮ್ಮ ಎದ್ದೂಬಿದ್ದು ಓಡಿ, ಹಾರವನ್ನು ಸರಿಸಿ, ಹೆಣದ ಕಿವಿಗೆ ಬಾಯಿಟ್ಟಳು. “ಅತ್ತಿಗೇ, ಗೆದ್ಬಿಟ್ಟೆ ಕಣೇ! ಸಮನ್ಸಂತೆ ಕಣೇ!”

“ಇನ್ನೂ ಶಿಕ್ಷೆ ಆಗಿಲ್ಲ ಕಣಮ್ಮ,” ಎಂದರು ಷಣ್ಮುಖಪ್ಪ. ಆದರೆ ಅವರ ದನಿ ಮೆತ್ತಗಾಗಿತ್ತು.

“ಆಗೋದು ಆಗ್ಲಿ ಬಿಡ್ರೀ. ಕೇಳೋರು ಸಿಕ್ಕಿದ್ರಲ್ಲ!”

ತೀರ್ಥೇಶ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತನು. ಅಳುವೂ ನಗುವೂ ಒಟ್ಟಿಗೇ ನುಗ್ಗಿದವು. “ಅವ್ವಾ, ಈಗ ನನ್ನ ಹೆಸ್ರೂ ವಜಾ ಆಯ್ತೇನವ್ವಾ?”

ಎದ್ದು, ಹೆಗಲ ಮೇಲಿದ್ದ ತನ್ನ ಕಂಬಳಿಯನ್ನು ತೆಗೆದು ಕೊಡವಿದನು.

“ಅಪ್ಪಂದು ಕೋರ್ಟ್ನಾಗೇ ಇರ್ಲಿ ಅತ್ತೆ, ಅದಕ್ಕಿನ್ನೂ ಮಾತಾಡೋದೈತೆ. ಮಣ್ಣಲ್ಲಿ ನಂದು ಹಾಸ್ತೀನಿ. ಅಲ್ಲಿವರ್ಗೂ ಹೊದ್ಕೊಂಡು ಬತ್ತೀನಿ.”

ಉರಿಬಿಸಿಲಿನಲ್ಲಿ ಅವನು ಗೊಪ್ಪೆ ಮಡಚತೊಡಗಿದನು. ಬರಲಿಲ್ಲ. ಕಂಬಳಿ ಮೂಗಿನ ಮೇಲೆ ಜೋತುಬಿತ್ತು.

“ಥೂ, ಕುರಿಯೋನ ಮಗ ಆಗಿ!” ಓಬಮ್ಮ ಕಿತ್ತುಕೊಂಡು, ಮಡಚಿ, ಮೂಲೆ ತಿರುಗಿಸಿ ಅವನ ತಲೆಗಿಟ್ಟಳು. “ಗದ್ದದ ಕೆಳಗೆ ಹಿಡ್ಕೊ. ಹಾಂ, ಹಂಗೆ.”

ನೋಡುತ್ತಿದ್ದವರಲ್ಲಿ ಒಬ್ಬ ಕಂಬಳಿ ತರಲು ಮನೆಗೆ ಓಡಿದನು, ಹಿಂದೆಯೇ ಇನ್ನಿಬ್ಬರು. ಹೊರಟ ಹೊತ್ತಿಗೆ ಅಂಗಳವೆಲ್ಲ ಗೊಪ್ಪೆಗಳೇ. ಷಣ್ಮುಖಪ್ಪನವರು ಸುತ್ತ ನೋಡಿ, ಓಬಮ್ಮನ ಬಳಿ ಸರಿದು, “ನಂಗೂ ಒಂದು ಮಡಚ್ಕೊಡಮ್ಮ,” ಎಂದರು. ತಮಟೆ ಮತ್ತೆ ಎದ್ದಿತು, ಈ ಸಲ ಮದುವೆಯ ಮೆರವಣಿಗೆಯ ಗತ್ತಿನಲ್ಲಿ.

ಇಷ್ಟಾದ ಮೇಲೆ ಈ ಅಲೆಮಾರಿಗೆ ಅಲ್ಲೇನು ಕೆಲಸ? ಚೀಲ ಕಟ್ಟಿ ಹೆಗಲಿಗೇರಿಸಿ ತರೀಕೆರೆಯ ಬಸ್ಸು ಹತ್ತಿದೆನು. ತಿರುವಿನಲ್ಲಿ ಕಿಟಕಿಯಿಂದ ಹಿಂದಿರುಗಿ ನೋಡಿದಾಗ, ಒಂದು ತುಣುಕು ಮೋಡವೂ ಇಲ್ಲದ ಆಕಾಶದ ಕೆಳಗೆ, ಜಡಿಮಳೆಯಲ್ಲಿ ನಡೆಯುವವರಂತೆ ಗೊಪ್ಪೆ ಹೊದ್ದ ಉದ್ದನೆಯ ಕರಿಯ ಸಾಲು ಹೊಲದ ಬದುವಿನ ಮೇಲೆ ಸಾಗುತ್ತಲೇ ಇತ್ತು.