ಬಟ್ಟೆ ಕೋಣೆಯ ಬೋರ್ಡು

ಅಕ್ಕ ವಾರ್ಡಿನ ಹೆಡ್ ನರ್ಸು, ಹುಡುಗಿಯರಿಗೆಲ್ಲ ದೊಡ್ಡಕ್ಕ. ತಂಗಿ ಅದೇ ಕೆಲಸ ಬಿಟ್ಟು ಸಂಶೋಧನೆಗೆ ಇಳಿದವಳು. ನರ್ಸುಗಳನ್ನು ನಡೆಸಿಕೊಳ್ಳುವ ರೀತಿಗೂ ಅವರ ಮನಸ್ಸಿನ ನೆಮ್ಮದಿಗೂ ಏನು ನಂಟು ಎಂಬುದು ಅವಳ ವಿಷಯ. ಬೇರೆ ವಾರ್ಡುಗಳಲ್ಲಿ ಹುಡುಗಿಯರು ಬಂದಷ್ಟೇ ಬೇಗ ಬಿಟ್ಟುಹೋಗುತ್ತಿದ್ದರು. ಅಕ್ಕನ ವಾರ್ಡಿನಲ್ಲಿ ಮಾತ್ರ ಬೇರು ಬಿಟ್ಟವರಂತೆ ನಿಂತಿದ್ದರು.

"ಅದೇನು ಮದ್ದು ಹಾಕಿದ್ದೀಯೇ ಇವರಿಗೆ?" ಎಂದು ತಂಗಿ ಕೇಳಿದರೆ, "ಬೈಗುಳ. ಹೊತ್ತುಹೊತ್ತಿಗೆ ಕೊಡ್ತೀನಿ," ಎನ್ನುವಳು ಅಕ್ಕ.

ವಾರ್ಡಿನಲ್ಲಿ ಕೂತು ನೋಡುತ್ತ ನೋಡುತ್ತ ತಂಗಿಗೆ ತಾನಾಗಿಯೇ ಹೊಳೆಯಿತು. ಯಾರಾದರೂ ತೀರಿಕೊಂಡರೆ, ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸಿಗೆ ಅಕ್ಕ, "ಹೋಗಿ ಶೀಟು ಮಡಿಸಿಡು," ಎಂದು ಗದರುತ್ತಿದ್ದಳು. ಶೀಟುಗಳೋ ಲಾಂಡ್ರಿಯಿಂದ ಮಡಿಸಿಯೇ ಬಂದಿರುತ್ತಿದ್ದವು. ಹುಡುಗಿ ಬಟ್ಟೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಅವನ್ನು ಬಿಡಿಸಿ ಮತ್ತೆ ಮಡಿಸುವಳು. ಅವಳ ರೋಗಿಗಳನ್ನು ಅಷ್ಟುಹೊತ್ತು ಮಿಕ್ಕವರು ಹಂಚಿಕೊಳ್ಳುವರು. ಕಣ್ಣು ಕೆಂಪಾಗಿಸಿಕೊಂಡು ಹೊರಬಂದವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ತಂಗಿಗೆ ಹಿಗ್ಗೋ ಹಿಗ್ಗು. ಅಕ್ಕನಿಗೊಂದು ಒಳ್ಳೆ ಹೆಸರು ಬರಲಿ ಎಂದು, ಅವಳನ್ನು ಒಂದು ಮಾತೂ ಕೇಳದೆ, ಆಸ್ಪತ್ರೆಯ ಆಡಳಿತಾಧಿಕಾರಿಯ ಮುಂದೆ ಎಲ್ಲ ಹೇಳಿಬಿಟ್ಟಳು. ಅಧಿಕಾರಿ ಕೆಟ್ಟವನೇನಲ್ಲ, ಅವನೂ ಹಿಗ್ಗಿದ. ಕೆಲವೇ ದಿನದಲ್ಲಿ ಬಟ್ಟೆ ಕೋಣೆಗೆ ಮೆತ್ತನೆಯ ಕುರ್ಚಿ ಬಂತು, ಬಾಗಿಲಿಗೆ 'ಸಿಬ್ಬಂದಿ ಸಾಂತ್ವನ ಕೊಠಡಿ' ಎಂಬ ಬೋರ್ಡು ಬಂತು. ಬೇಕೆನಿಸಿದವರು ಹೇಳಿ ಅಲ್ಲಿ ಹೋಗಿ ಕೂರಬಹುದು ಎಂದು ಅಪ್ಪಣೆಯೂ ಆಯಿತು.

ಅಲ್ಲಿಂದಾಚೆಗೆ ಒಬ್ಬಳೂ ಆ ಕೋಣೆಗೆ ಕಾಲಿಡಲಿಲ್ಲ.

ಎಲ್ಲರಿಗಿಂತ ಕಿರಿಯ ನರ್ಸನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಅವಳು ತಿಂಗಳುಗಟ್ಟಲೆ ಆರೈಕೆ ಮಾಡಿದ್ದ ಮೇಷ್ಟ್ರು ಒಂದು ಬೆಳಿಗ್ಗೆ ತೀರಿಕೊಂಡರು. ಗುಬ್ಬಿ ಹನಿ ಕಣ್ಣೀರು ಹಾಕಲಿಲ್ಲ. ನೇರ ಪಕ್ಕದ ರೋಗಿಗೆ ಇಂಜೆಕ್ಷನ್ ತುಂಬಲು ಹೋದಳು. ಸೂಜಿ ಅವಳ ಬೆರಳಿಗೇ ಚುಚ್ಚಿತು. ನಲ್ಲಿಯ ಕೆಳಗೆ ಬೆರಳು ಹಿಡಿದುಕೊಂಡೇ, "ನನ್ನಿಂದಾಗಲ್ಲ ದೊಡ್ಡಕ್ಕ. ನಾಳೆಯಿಂದ ಬರಲ್ಲ," ಎಂದಳು.

ತಂಗಿ ಅಕ್ಕನ ತೋಳು ಜಗ್ಗಿದಳು. "ಅವಳನ್ನ ಮಡಿಸೋಕೆ ಕಳಿಸೇ."

"ಯಾವ ಬಾಯಲ್ಲಿ ಕಳಿಸಲಿ? ನಾನು ಚಿಕ್ಕವಳಿದ್ದಾಗ ಯಾರೋ ಹಾಗೆ ಗದರಿದ್ರು, ನಾನೂ ಗದರ್ತಿದ್ದೆ. ಅದು ಔಷಧ ಅಂತ ನನಗೇನು ಗೊತ್ತಿತ್ತು? ಈಗ ಶೀಟು ಮಡಿಸು ಅಂದ್ರೆ, ಹೋಗಿ ಅಳು ಅಂದ ಹಾಗೇ. ಎಲ್ಲರೆದುರು ಹೇಗೆ ಹೇಳೋದೇ?"

ತಂಗಿ ನಿಂತ ಕಾಲಲ್ಲೇ ಅಧಿಕಾರಿಯ ಕೋಣೆಗೆ ಹೋಗಿ, "ಆ ಬೋರ್ಡು ತೆಗೆಸಿ," ಎಂದಳು.

"ನೀವೇ ಹೇಳಿದ್ದಲ್ವಾ ಮೇಡಂ? ಈಗ ಮೇಲಿನವರಿಗೆ ಏನು ಹೇಳಲಿ?"

"ನನ್ನ ಸಂಶೋಧನೆ ತಪ್ಪು ಅನ್ನಿ."

"ಹಾಗಾದ್ರೆ ನಿಮ್ಮ ಪ್ರಬಂಧದಲ್ಲಿ ಈ ವಾರ್ಡಿನ ಅಧ್ಯಾಯ ಕೈಬಿಡಬೇಕಾಗುತ್ತೆ."

ಅವಳು ಕಂಡುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಷ್ಟು ವರ್ಷ ಜೊಳ್ಳು ತೂರಿ ತೂರಿ ಅವಳ ಕೈಗೆ ಸಿಕ್ಕ ಒಂದೇ ಗಟ್ಟಿ ಕಾಳು ಅದು. "ಬಿಡ್ತೀನಿ," ಎಂದಳು.

ಬಡಗಿ ಬಂದು ಬೋರ್ಡು ಕಳಚಿದ. ಮೊಳೆ ಕಿತ್ತ ತೂತುಗಳು ಬಾಗಿಲ ಮೇಲೆ ಹಾಗೇ ಉಳಿದವು. ಗುಬ್ಬಿ ಆಗಲೇ ಬ್ಯಾಗು ಹೆಗಲಿಗೇರಿಸಿದ್ದಳು. "ಬೋರ್ಡು ಹೋದ್ರೇನು ದೊಡ್ಡಕ್ಕ, ಒಳಗೆ ಹೋಗೋದು ಯಾಕೆ ಅಂತ ಎಲ್ಲರಿಗೂ ಗೊತ್ತಲ್ಲ," ಎಂದಳು.

ಅಕ್ಕ ಹೋಗಿ ಬಟ್ಟೆ ಕೋಣೆಯ ಬಾಗಿಲು ತೆರೆದಳು. ಆಮೇಲೆ ಎಂದಿನ ಗಡಸು ದನಿ ಬಂತು. "ನಿನಗೆ ಯಾರೇ ಹೋಗು ಅಂದಿದ್ದು? ಮೇಷ್ಟ್ರು ನಿನಗೊಬ್ಬಳಿಗೇ ಬೇಕಾದವರಾ? ಹೋಗ್ತಿರೋದು ನಾನು. ದೊಡ್ಡ ಶೀಟು, ಒಬ್ಬಳ ಕೈಲಾಗಲ್ಲ. ಬಂದು ಆ ಕಡೆ ತುದಿ ಹಿಡ್ಕೊ."

ಅಕ್ಕ ಆ ಕೋಣೆಗೆ ತನಗೋಸ್ಕರ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಗುಬ್ಬಿ ಬ್ಯಾಗು ಇಳಿಸಿ ಹಿಂದೆಯೇ ಹೋದಳು.

ತಂಗಿ ಕೈ ತೊಳೆದುಕೊಂಡು ಬಂದು ಗುಬ್ಬಿಯ ರೋಗಿಗಳ ನಡುವೆ ನಿಂತಳು. ಮುಚ್ಚಿದ ಬಾಗಿಲಾಚೆ ಶೀಟು ಕೊಡವಿದ ಸದ್ದು. ಮೊದಲು ಅಕ್ಕನ ಅಳು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು.

"ಏನಮ್ಮಾ ಅದು ಸದ್ದು?" ಎಂದರು ಕಿಟಕಿ ಪಕ್ಕದ ಹಾಸಿಗೆಯ ಮುದುಕರು.

"ಶೀಟು ಮಡಿಸ್ತಿದ್ದಾರೆ ತಾತ," ಎಂದಳು ತಂಗಿ.