ಕುರ್ಚಿ ಬಿಟ್ಟುಕೊಡುವ ದೊಡ್ಡಮ್ಮ

ಕೆಲಸ ಕೇಳಿಕೊಂಡು ಬಂದವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಮೇಜಿನ ಈಚೆ ಕೈಕಟ್ಟಿ ನಿಲ್ಲುವ ಅಧಿಕಾರಿಯನ್ನು ನೀವು ಕಂಡಿದ್ದೀರೋ ಇಲ್ಲವೋ. ವಿಶ್ವವಿದ್ಯಾಲಯದ ಗಣಿತ ವಿಭಾಗದ ಎರಡನೆಯ ಮಹಡಿಯ ಮೂಲೆಕೋಣೆಯಲ್ಲಿ ಅಂಥವರೊಬ್ಬರಿದ್ದಾರೆ. ವಿದ್ಯಾರ್ಥಿಗಳಿಗೆ ಅವರು ಎದುರಿಗೆ ಮೇಡಂ, ಬೆನ್ನ ಹಿಂದೆ ದೊಡ್ಡಮ್ಮ. ಈ ಎರಡನೆಯ ಹೆಸರು ತಮ್ಮ ಕಿವಿಗೆ ಬಿದ್ದೇ ಇಲ್ಲವೆಂದು ಅವರು ಹದಿನಾರು ವರ್ಷಗಳಿಂದ ಸೊಗಸಾಗಿ ನಟಿಸುತ್ತ ಬಂದಿದ್ದಾರೆ.

ಅಲ್ಲಿಯ ಪದವಿಯ ಕ್ರಮವೇ ಬೇರೆ: ನಾಲ್ಕು ತಿಂಗಳು ತರಗತಿ, ನಾಲ್ಕು ತಿಂಗಳು ಹೊರಗೆಲ್ಲಾದರೂ ನೌಕರಿ, ಮತ್ತೆ ತರಗತಿ. ವಿದ್ಯಾರ್ಥಿಗಳಿಗೂ ಹೊರಗಿನ ಕಚೇರಿಗಳಿಗೂ ನಂಟು ಕುದುರಿಸುವುದು ದೊಡ್ಡಮ್ಮನವರ ಕಾಯಕ. ಎಡಭುಜವನ್ನು ಮುಂದೆ ಮಾಡಿ, ಎದುರುಗಾಳಿಯನ್ನು ಸೀಳಿ ಹೋಗುವವರಂತೆ ನಡೆಯುತ್ತಾರೆ. ಮೈಮೇಲೆ ಎರಡಳತೆ ದೊಡ್ಡದಾದ ಬೂದುಬಣ್ಣದ ಕೋಟು. ಜೇಬಿನಲ್ಲಿ ಮೊಂಡು ಪೆನ್ಸಿಲ್ಲು ಮತ್ತು ಇನ್ನೂ ಕೆಲಸ ಸಿಗದವರ ಪಟ್ಟಿ. ಕೋಟು ಅಣ್ಣನದೆಂದು ಒಮ್ಮೆ, ಅಂಗಡಿಯವನು ಟೋಪಿ ಹಾಕಿದನೆಂದು ಇನ್ನೊಮ್ಮೆ ಹೇಳಿದ್ದುಂಟು.

ಯಾರು ಏನೇ ಹೇಳಲಿ, ಅವರು ಕೇಳುವುದು ಒಂದೇ: "ಆಮೇಲೆ?" ಗಣಿತದ ಮಕ್ಕಳಿಗೆ ಇಂಥವರೊಬ್ಬರು ಬೇಕೇ ಬೇಕು. ಆ ಮಕ್ಕಳದು ವಿಚಿತ್ರವಾದ ಪ್ರಾಮಾಣಿಕತೆ. ಪೂರ್ತಿ ಸಾಧಿಸಿ ತೋರಿಸಲಾಗದ್ದನ್ನು ಬಾಯಿಬಿಟ್ಟು ಹೇಳಲಾರರು. ಸಮಯಕ್ಕೆ ಸರಿಯಾಗಿ ಬರುತ್ತೀಯಾ ಎಂದು ಸಂದರ್ಶನದಲ್ಲಿ ಕೇಳಿದ್ದಕ್ಕೆ ಒಬ್ಬ "ಬಹುತೇಕ ದಿನ" ಎಂದು ಉತ್ತರಿಸಿ, ಆ ಸತ್ಯನಿಷ್ಠೆಗೆ ತಕ್ಕ ಫಲವನ್ನು ಮಧ್ಯಾಹ್ನದೊಳಗೇ ಪಡೆದುಕೊಂಡ. ದೊಡ್ಡಮ್ಮನವರು ಹಣೆ ಚಚ್ಚಿಕೊಂಡರು, ಬಾಗಿಲು ಹಾಕಿಕೊಂಡು ನಕ್ಕರು, ಮರುದಿನ ಅವನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು.

ಅಷ್ಟು ಅಕ್ಕರೆಯಿದ್ದರೂ ಶಿಫಾರಸು ಮಾತ್ರ ಮಾಡುವವರಲ್ಲ. "ನಾನು ಹೇಳಿ ಕೊಡಿಸಿದ್ರೆ ಆ ಕೆಲಸ ನಾಲ್ಕು ತಿಂಗಳೂ ನಂದೇ ಆಗಿರುತ್ತೆ, ಅವರದ್ದಾಗಲ್ಲ" ಎನ್ನುತ್ತಿದ್ದರು. ಈ ಹಟವನ್ನು ನಿಜವಾಗಿ ಪರೀಕ್ಷಿಸಿದವಳು ಮೂರನೆಯ ವರ್ಷದ ಒಬ್ಬ ಹುಡುಗಿ. ಮೂರು ಕಡೆ ಬೇಡವೆನಿಸಿಕೊಂಡು ನಾಲ್ಕನೆಯದಾಗಿ ಒಂದು ಆಸ್ಪತ್ರೆಗೆ ಹೋಗಿದ್ದಳು, ನರ್ಸುಗಳ ಡ್ಯೂಟಿ ಪಟ್ಟಿ ಹಾಕಿಕೊಡುವ ಕೆಲಸಕ್ಕೆ. ಮರುದಿನವೇ ಕೊನೆಯ ದಿನ. ಅಷ್ಟರೊಳಗೆ ನೌಕರಿ ಸಿಗದಿದ್ದರೆ ಅವಳು ಈ ಪದವಿಯಿಂದಲೇ ಹೊರಬೀಳುತ್ತಿದ್ದಳು.

ಮಧ್ಯಾಹ್ನ ವಾರ್ಡಿನ ಹಿರಿಯ ನರ್ಸ್ ಫೋನ್ ಮಾಡಿದರು. "ಹುಡುಗಿ ಒಳ್ಳೆಯವಳೇ ಮೇಡಂ. ಆದ್ರೆ ಹದಿನೆಂಟು ಜನಕ್ಕೂ ನಾಲ್ಕು ವಾರಕ್ಕೊಂದು ಭಾನುವಾರ ರಜೆ ಬರೋ ಹಾಗೆ ಪಟ್ಟಿ ಹಾಕಮ್ಮ ಅಂದ್ರೆ, ಐದು ನಿಮಿಷ ನೋಡಿ ಆಗಲ್ಲ ಅಂದುಬಿಟ್ಲು."

"ಆಮೇಲೆ?"

"ಆಮೇಲೇನು, ಸುಮ್ಮನೆ ಕೂತ್ಲು."

ಆ ಹುಡುಗಿಯ ಬುದ್ಧಿ ಎಂಥದೆಂದು ದೊಡ್ಡಮ್ಮನವರಿಗೆ ಚೆನ್ನಾಗಿ ಗೊತ್ತು. ಹೊಗಳಿಕೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. "ಯಾಕೆ ಆಗಲ್ಲ ಅಂತ ಕೇಳಿದ್ರಾ?" ಕೇಳಿರಲಿಲ್ಲ. "ಒಂದು ಸಲ ಕೇಳಿ ನೋಡಿ, ಸಂಜೆ ಕಳಿಸ್ತೀನಿ" ಎಂದು ಫೋನ್ ಇಟ್ಟು, ಗ್ರಂಥಾಲಯದಲ್ಲಿ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದವಳನ್ನು ಹುಡುಕಿ ಹಿಡಿದರು.

"ಆಗಲ್ಲ ಅಂತ ಸಾಧಿಸಿದ ಮೇಲೆ ಉತ್ತರ ಮುಗೀತಲ್ವಾ ಮೇಡಂ?" ಎಂದಳು ಹುಡುಗಿ.

"ನಿನಗೆ ಮುಗೀತು. ಅವರಿಗೆ ಮತ್ತೆ ಭಾನುವಾರ ಬರುತ್ತಲ್ಲ!"

ಹುಡುಗಿ ಸಂಜೆ ಮತ್ತೆ ಹೋದಳು. ನರ್ಸಿನ ಎದುರು ಹಾಳೆಯಿಟ್ಟು ವಿವರಿಸಿದಳು: ಭಾನುವಾರ ವಾರ್ಡಿಗೆ ಹನ್ನೆರಡು ಜನ ಬೇಕು, ಶನಿವಾರ ನೈಟ್ ಡ್ಯೂಟಿ ಮುಗಿಸಿದ ಇಬ್ಬರು ಭಾನುವಾರವನ್ನು ನಿದ್ದೆಯಲ್ಲಿ ಕಳೆಯುತ್ತಾರೆ, ಅವರನ್ನು ಕೆಲಸಕ್ಕೆ ಕರೆಯುವಂತಿಲ್ಲ, ಅದನ್ನು ರಜೆಯೆನ್ನುವಂತೆಯೂ ಇಲ್ಲ. ಉಳಿದವರು ನಾಲ್ವರು. ನಾಲ್ಕು ವಾರಕ್ಕೆ ಹದಿನಾರು ರಜೆ, ಕೇಳುವವರು ಹದಿನೆಂಟು. ಯಾರು ಹೇಗೆ ಹಾಕಿದರೂ ಇಬ್ಬರು ತಪ್ಪಿಯೇ ಹೋಗುತ್ತಾರೆ. ಇಷ್ಟು ಹೇಳಿ ಎಂದಿನಂತೆ ನಿಲ್ಲಿಸಲಿದ್ದವಳು, ಉಸಿರೆಳೆದುಕೊಂಡು ಇನ್ನೊಂದು ಮಾತು ಸೇರಿಸಿದಳು: "ಐದು ವಾರದ ಸುತ್ತು ಮಾಡಿದ್ರೆ ಎಲ್ಲರಿಗೂ ಸಿಗುತ್ತೆ ಸಿಸ್ಟರ್. ಇನ್ನೂ ಎರಡು ಉಳಿಯುತ್ತೆ."

ಹಿರಿಯ ನರ್ಸ್ ಹಾಳೆಯನ್ನು ತಮ್ಮತ್ತ ಎಳೆದುಕೊಂಡು ಲೆಕ್ಕವನ್ನು ತಾವೇ ಇನ್ನೊಮ್ಮೆ ಕೂಡಿ ನೋಡಿದರು. ಎರಡು ವರ್ಷದಿಂದ ಪ್ರತಿ ತಿಂಗಳೂ ಇಬ್ಬರ ಮುನಿಸು ಕಟ್ಟಿಕೊಂಡು, ಪಟ್ಟಿ ಅಳಿಸಿ ಬರೆದು ಬರೆದು ಬೇಸತ್ತವರು ಅವರು. "ನನ್ನ ತಲೇನೇ ಸರಿ ಇಲ್ಲ ಅಂದ್ಕೊಂಡಿದ್ದೆ ಕಣಮ್ಮ" ಎಂದು ಕಣ್ಣೊರೆಸಿಕೊಂಡರು. "ಸೋಮವಾರದಿಂದ ಬಾ."

ಸುದ್ದಿ ತಿಳಿದ ದೊಡ್ಡಮ್ಮನವರು ಜೇಬಿನ ಪಟ್ಟಿಯಲ್ಲಿ ಒಂದು ಗೀಟು ಎಳೆದರು. ಆ ದಿನ ಮನೆಗೆ ನಡೆದುಕೊಂಡೇ ಹೋದರಂತೆ, ಅಷ್ಟು ಹಿಗ್ಗು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಪ್ರಮೇಯ ಅವರದಲ್ಲ, ಪಟ್ಟಿ ಅವರದಲ್ಲ, ಪದವಿಪತ್ರದ ಮೇಲೆ ಅವರ ರುಜುವೂ ಬೀಳುವುದಿಲ್ಲ. ಒಬ್ಬರ ಸಂಕೋಚಕ್ಕೂ ಇನ್ನೊಬ್ಬರ ಅವಸರಕ್ಕೂ ನಡುವೆ ತುಸು ಹೊತ್ತು ನಿಂತು, ಮಾತು ದಾಟಿದೊಡನೆ ಅಲ್ಲಿಂದ ಸರಿದುಬಿಡುತ್ತಾರೆ. ಯಾವುದೋ ಭಾನುವಾರ ತನ್ನ ಮನೆಯಲ್ಲಿ ನಿಶ್ಚಿಂತೆಯಿಂದ ತಡವಾಗಿ ಏಳುವ ನರ್ಸೊಬ್ಬಳಿಗೆ, ಆ ನಿದ್ದೆಯ ಹಿಂದೆ ತಾನು ಕಂಡರಿಯದ ಹೆಂಗಸೊಬ್ಬರು ನುಂಗಿಕೊಂಡ ಮಾತಿದೆಯೆಂದು ತಿಳಿಯುವುದಿಲ್ಲ. ತಿಳಿಯಲೆಂಬ ಹಂಬಲ ಇಂಥವರಿಗೂ ಇರುವುದಿಲ್ಲ. ಅವರ ಸುಖವೆಲ್ಲ ಅದರಲ್ಲೇ ಇದೆ.